ಇಸಬೆಲ್‌ಟನ್ ಮತ್ತು ಮುನಿಯಮ್ಮ

ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಯಾದವನಿಗೆ ನೀರು, ಲಿಫ್ಟು, ನಾಯಿಗಳ ಜಗಳ ಹೇಗೆ ತಪ್ಪುವುದಿಲ್ಲವೋ ಹಾಗೆಯೇ ನಗು ತರಿಸುವ ಪ್ರಸಂಗಗಳೂ ತಪ್ಪುವುದಿಲ್ಲ. ನಾನು ಹಿಂದೆ ಏನೂ ಬರೆದವನಲ್ಲ, ಹಾಗಾಗಿ ಎಲ್ಲವನ್ನೂ ಬಿಡಿಸಿಯೇ ಹೇಳುತ್ತೇನೆ. ಕಾರ್ಯದರ್ಶಿ ಅಂದರೆ ಸಂಬಳವಿಲ್ಲದೆ ಬೈಸಿಕೊಳ್ಳುವವನು.

೧. ಹೆಸರು ಬಂದದ್ದು

ಬೆಂಗಳೂರಿನ ಅಂಚಿನಲ್ಲಿ, ವರ್ತೂರಿನಾಚೆ ಇರುವ ನಮ್ಮ ಅಪಾರ್ಟ್‌ಮೆಂಟಿನ ಹೆಸರು ಇಸಬೆಲ್‌ಟನ್. ಅದು ಸ್ಕಾಟ್ಲೆಂಡಿನ ಕಡಲತೀರದ ಒಂದು ಪುಟ್ಟ ಹಳ್ಳಿಯ ಹೆಸರು. ಸ್ಕಾಟ್ಲೆಂಡ್ ಅಂದರೆ ಭೂಪಟದಲ್ಲಿ ಇಂಗ್ಲೆಂಡಿನ ಮೇಲಿರುವುದು.

"ಈ ಹೆಸರೇ ಯಾಕಿಟ್ರಿ ಸಾರ್?" ಎಂದು ಬಿಲ್ಡರನ್ನು ಕೇಳಿದೆ.

"ಟೂರಿಗೆ ಹೋದಾಗ ಅಲ್ಲಿ ಬಸ್ ನಿಲ್ಸಿದ್ರು. ಸಕ್ಕತ್ ಜಾಗ ಕಣ್ರೀ!"

"ಎಷ್ಟು ದಿನ ಇದ್ರಿ?"

"ಟೀ ಕುಡಿಯೋವರ್ಗೂ."

೨. ಎದುರುಮನೆ ಅಜ್ಜಿ

ನಮ್ಮ ಗೇಟಿನ ಎದುರು ಒಂದು ಹಳೆಯ ಹೆಂಚಿನ ಮನೆ. ಅಲ್ಲಿರುವ ಅಜ್ಜಿಯ ಅತ್ತೆ ಮುನಿಯಮ್ಮ ನೆಟ್ಟ ಸೀಬೆತೋಟದ ಮೇಲೆಯೇ ನಾವೆಲ್ಲ ವಾಸವಾಗಿರುವುದು. ಸಂಘದ ಪ್ರತಿ ಮೀಟಿಂಗಿಗೂ ಅಜ್ಜಿ ಬಂದು ಒಂದೇ ಮಾತು ಹೇಳುತ್ತಿದ್ದರು: "ಗೇಟ್ ಮೇಲೆ ಮುನಿಯಮ್ಮನ ತೋಟ ಅಂತ ಒಂದು ಬೋರ್ಡ್ ಆಕ್ಸಪ್ಪಾ. ನಾನು ಸತ್ರೆ ಆ ಎಸ್ರು ಗೊತ್ತಿರೋರೇ ಇರಲ್ಲ."

ಅಧ್ಯಕ್ಷರು ಒಪ್ಪುತ್ತಿರಲಿಲ್ಲ. "ಅಜ್ಜಿ, ಇಸಬೆಲ್‌ಟನ್ ಅನ್ನೋ ಹೆಸರಿಗೆ ದೊಡ್ಡ ಇತಿಹಾಸ ಇದೆ."

"ಏನು ಸಾರ್ ಅದು?" ಎಂದು ಕೇಳಿದೆ. ನನಗೆ ನಿಜಕ್ಕೂ ಗೊತ್ತಿರಲಿಲ್ಲ.

"ಅದನ್ನೆಲ್ಲ ಕಾರ್ಯದರ್ಶಿ ನೋಡ್ಕೋಬೇಕು ಕಣ್ರೀ!"

೩. ಆ ಊರಿನವರೇ ಬಂದರು

ನಮ್ಮ ನಿವಾಸಿಯೊಬ್ಬರ ಆಫೀಸಿಗೆ ಬಂದಿದ್ದ ಅತಿಥಿ ಹುಟ್ಟಿದ್ದು ಆ ಇಸಬೆಲ್‌ಟನ್ನಿನಲ್ಲೇ! ಮೀಟಿಂಗಿಗೆ ಕರೆತಂದೆವು. ಅವರು ನಮ್ಮ ಹದಿನಾಲ್ಕು ಮಹಡಿಗಳನ್ನು ಕತ್ತೆತ್ತಿ ನೋಡಿ, "ನಿಮ್ಮ ಲಿಫ್ಟಿಗೆ ಕಾಯ್ತಾ ಇರೋವಷ್ಟು ಜನ ನಮ್ಮ ಇಡೀ ಊರಲ್ಲಿಲ್ಲ" ಎಂದು ಇಂಗ್ಲಿಷಿನಲ್ಲಿ ಬೆರಗಾದರು.

ಆಮೇಲೆ ಅವರು ತಮ್ಮೂರಿನ ಕಥೆ ಹೇಳಿದರು; ಬೆರಗಾಗುವ ಸರದಿ ನಮ್ಮದಾಯಿತು. ಇನ್ನೂರು ವರ್ಷಗಳ ಹಿಂದೆ ಒಬ್ಬ ಜಮೀನ್ದಾರ ಕುರಿ ಸಾಕಲೆಂದು ಬೆಟ್ಟದ ರೈತರನ್ನೆಲ್ಲ ಎಬ್ಬಿಸಿ ಕಡಲಂಚಿಗೆ ತಂದನಂತೆ. ಅಲ್ಲಿ ಒಂದೇ ಸಾಲು ಮನೆ ಕಟ್ಟಿಸಿ, ಊರಿಗೆ ಹೆಂಡತಿ ಇಸಬೆಲ್ಲಳ ಹೆಸರಿಟ್ಟನಂತೆ. ಮೀನು ಹಿಡಿಯಲು ಬಾರದ ಆ ಜನ ಅದನ್ನು ಕಲಿತು ಬದುಕಿಕೊಂಡರಂತೆ. ನನಗೆ ಮೈ ಜುಮ್ಮೆಂದಿತು. ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಜ್ಜಿಗೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅವರು ಕೇಳಿದರು: "ಆಯಮ್ಮ ಅಲ್ಲಿ ಎಷ್ಟು ಮರ ನೆಟ್ಟಿದ್ಲು ಕೇಳಪ್ಪಾ."

ಅತಿಥಿ ನಕ್ಕರು. "ಒಂದೂ ಇಲ್ಲ. ಆಕೆ ಊರಿಗೇ ಬಂದಿರಲಿಲ್ಲ. ಗಾಳಿ ಜಾಸ್ತಿ ಅಂತ."

"ಕಾಲೇ ಇಡದೋಳ ಎಸ್ರು ಇನ್ನೂರು ವರ್ಸ ನಿಂತೈತೆ, ಅದಕ್ಕೆ ಚಪ್ಪಾಳೆ ಬೇರೆ!" ಅಜ್ಜಿ ಅಧ್ಯಕ್ಷರ ಕಡೆ ತಿರುಗಿದರು. "ನಮ್ಮತ್ತೆ ನಲವತ್ತು ಮರ ನೆಟ್ಟು, ತಲೆ ಮೇಲೆ ನೀರು ಒತ್ತವ್ಳೆ. ಅವ್ಳಿಗೆ ಒಂದು ಅಲಗೆ ಇಲ್ವಾ?"

ಅಧ್ಯಕ್ಷರ ಕೈಗಳು ಚಪ್ಪಾಳೆಯ ಭಂಗಿಯಲ್ಲೇ ನಿಂತಿದ್ದವು. ಅದನ್ನೇ ಅವರು ಬೋರ್ಡಿಗೆ ಒಪ್ಪಿ ಕೈ ಎತ್ತಿದ್ದು ಎಂದು ನಾನು ಮೀಟಿಂಗಿನ ನಡಾವಳಿಯಲ್ಲಿ ಬರೆದುಕೊಂಡೆ.

ಮುಂದಿನ ವಾರ ಗೇಟಿನ ಮೇಲೆ ಬೋರ್ಡ್ ಏರಿತು. ಅಜ್ಜಿ ಅದನ್ನೇ ನೋಡುತ್ತಾ ಕಣ್ಣೊರೆಸಿಕೊಂಡರು.

"ಅತ್ತೆ ಅಂದ್ರೆ ನಿಮಗೆ ತುಂಬಾ ಪ್ರೀತಿ ಅಲ್ವಾ ಅಜ್ಜಿ?" ಎಂದೆ.

"ಪ್ರೀತಿನಾ? ಸಾಯೋಗಂಟ ನನ್ ಕೈಗೆ ಒಂದು ಸೀಬೆಕಾಯಿ ಕೊಟ್ಟೋಳಲ್ಲ. ಆದ್ರೂ ನೆಟ್ಟೋಳು ಅವ್ಳೇ ಕಣಪ್ಪಾ."