ನೀರಪ್ಪನ ಸಂದರ್ಶನ

ಎಲ್ಲ ರಾಮಾಯಣಕ್ಕೂ ಮೂಲ ಒಂದು ಸುಳ್ಳು. ಆಸಾಮಿ ಗುಪ್ತಚರ ಇಲಾಖೆಯ ಹಿರಿಯ ವಿಶ್ಲೇಷಕ. ಯಾವ ದೇಶದಲ್ಲಿ ಯಾವಾಗ ಸರ್ಕಾರ ಮಗುಚುತ್ತೆ ಅಂತ ಕೂತಲ್ಲೇ ಹೇಳೋ ಪಂಡಿತ. ದೇಶದ ಭದ್ರತೆಯ ಬಗ್ಗೆ ಇಟ್ಟಿಗೆಯಂಥ ಪುಸ್ತಕ ಬರೆದವನು, ಅದೂ ಬೇರೆ ಹೆಸರಲ್ಲಿ. ಈ ಕಟ್ಟಡಕ್ಕೆ ಬಂದ ದಿನ ಕೆಳಮನೆ ಅಜ್ಜಿ "ಏನ್ ಕೆಲಸಪ್ಪಾ ನಿಂದು?" ಅಂದಾಗ, ಗುಟ್ಟು ಬಿಡೋ ಹಾಗಿಲ್ಲವಲ್ಲ, "ನೀರು ಸರಬರಾಜು ಆಫೀಸು" ಅಂದುಬಿಟ್ಟ. ಅವತ್ತಿನಿಂದ ಅವನು ನೀರಪ್ಪ.

ಇವತ್ತು ಇಲಾಖೆ ಮುಖ್ಯಸ್ಥನ ಕುರ್ಚಿಗೆ ಸಂದರ್ಶನ. ಆ ಕುರ್ಚಿಗಾಗಿ ಕೂದಲೆಲ್ಲ ಉದುರಿಸಿಕೊಂಡವನು ನೀರಪ್ಪ. ಪೈಪೋಟಿಗಿದ್ದವನು ಪಕ್ಕದ ಮೇಜಿನ ಬಾಯಿಬಡುಕನೊಬ್ಬನೇ. ಕ್ಷೌರಕ್ಕೆ ಕೂತರೂ ತಾನು ಗೂಢಚಾರ ಅಂತ ಕೊಚ್ಚಿಕೊಳ್ಳೋ ಅವನನ್ನು ಯಾರು ಲೆಕ್ಕಕ್ಕಿಡ್ತಾರೆ?

ಹೊಸ ಕೋಟು ತೊಟ್ಟು ಮೆಟ್ಟಿಲಿಳಿದರೆ ಅಜ್ಜಿ ಅಡ್ಡ ನಿಂತಿದ್ದಳು.

"ನೀರಪ್ಪಾ, ನಲ್ಲಿ ಬರೀ ಬುಸುಗುಡ್ತಿದೆ. ನೀರು ಬರುತ್ತೋ ಇಲ್ವೋ?"

ಇಲಾಖೆಯ ಚಾಳಿ ನಾಲಿಗೆ ಬಿಡಲಿಲ್ಲ. "ಬರುವ ಸಾಧ್ಯತೆ ಇದೆ ಅಜ್ಜಿ. ಬಾರದಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ."

ಅಜ್ಜಿ ಮೇಲ್ಮನೆ ಟೈಲರ್ ಕಡೆ ತಿರುಗಿದಳು. "ನೋಡು, ಅಪ್ಪಟ ನೀರಿನ ಆಫೀಸಿನವನು."

ಟೈಲರ್ ಅವನ ಕೈಗೆ ಸ್ಪ್ಯಾನರ್ ತುರುಕಿದ. "ಪೈಪ್ ಒಂಚೂರು ಬಿಗಿ ಮಾಡಿ ಹೋಗಿ ಸಾರ್. ನಿಮಗಿದು ಎಡಗೈ ಕೆಲಸ."

ಒಲ್ಲೆ ಅಂದರೆ ಗುಟ್ಟು ರಟ್ಟು. ಗುಟ್ಟು ರಟ್ಟಾದರೆ ಕುರ್ಚಿಗೆ ಎಳ್ಳುನೀರು. ನೀರಪ್ಪ ಕುಕ್ಕರಗಾಲಲ್ಲಿ ಕೂತು, ಶತ್ರುದೇಶದ ನಕ್ಷೆ ನೋಡೋ ಹಾಗೆ ಪೈಪು ನೋಡಿದ.

"ಈ ಸೋರಿಕೆಯಿಂದ ಯಾರಿಗೆ ಲಾಭ?"

"ನಿಮ್ ತಲೆ. ತಿರುಗಿಸಿ ಸಾರ್."

ತಿರುಗಿಸಿದ, ಉಲ್ಟಾ. ಪೈಪು ಕಿತ್ತುಬಂದು, ಸಿಟ್ಟಿಗೆದ್ದ ಆನೆ ಸೊಂಡಿಲಲ್ಲಿ ಉಗಿದ ಹಾಗೆ ನೀರು ಮುಖಕ್ಕೇ ಬಾರಿಸಿತು. ಅಜ್ಜಿ ನಿಧಾನಕ್ಕೆ ಬಕೆಟ್ ಒಡ್ಡಿದಳು. "ಬಂತಲ್ಲ. ಕೈಗುಣ ಅಂದ್ರೆ ಇದು."

ಸ್ಪ್ಯಾನರನ್ನು ಜೇಬಿಗೆ ತುರುಕಿ ಓಡಿದ. ಒದ್ದೆ ಬೆಕ್ಕಿನಂತೆ ಬಂದು ನಿಂತವನನ್ನು ನೋಡಿ ಸಂದರ್ಶನ ಮಂಡಳಿಯ ಅಧ್ಯಕ್ಷರು, "ಏನ್ರೀ ಅವತಾರ?" ಅಂದರು.

ನಡೆದದ್ದೆಲ್ಲ ಒಪ್ಪಿಸಿದ. "ಮೂಗಿಗೆ ನೀರು ನುಗ್ಗಿದ್ರೂ ಗುಟ್ಟು ಬಿಡಲಿಲ್ಲ ಸಾರ್. ಇಷ್ಟು ವರ್ಷದಲ್ಲಿ ಒಬ್ಬರಿಗೂ ಅನುಮಾನ ಬಂದಿಲ್ಲ."

ಮಂಡಳಿ ಎದ್ದು ನಿಂತು ಚಪ್ಪಾಳೆ ತಟ್ಟಿತು. ನೀರಪ್ಪನಿಗೆ ಕುರ್ಚಿಯ ಮೆತ್ತೆ ಆಗಲೇ ಬೆನ್ನಿಗೆ ತಾಗಿದಂತಾಯಿತು.

"ಇಂಥ ವೇಷ ನಮ್ಮಲ್ಲಿ ಯಾರಿಗೂ ಕೂಡಿಬಂದಿಲ್ಲ," ಅಧ್ಯಕ್ಷರು ಗದ್ಗದಿತರಾದರು. "ಅದಕ್ಕೇ ಕುರ್ಚಿ ನಿಮಗೆ ಕೊಡೋ ಹಾಗಿಲ್ಲ. ಮುಖ್ಯಸ್ಥನ ಫೋಟೊ ಪೇಪರಲ್ಲಿ ಬರುತ್ತೆ. ವೇಷ ಹಾಳಾಗಿಬಿಡುತ್ತಲ್ರೀ."

"ಮತ್ತೆ... ಯಾರಿಗೆ ಸಾರ್?"

"ನಿಮ್ಮ ಪಕ್ಕದ ಮೇಜಿನವನಿಗೆ. ಅವನು ಗೂಢಚಾರ ಅಂತ ಊರಿಗೆಲ್ಲ ಗೊತ್ತು. ಹಾಳಾಗೋಕೆ ಏನಿದೆ?"

ಬಾಗಿಲವರೆಗೂ ಬಂದ ಅಧ್ಯಕ್ಷರು, ಅವನ ಜೇಬಿನಿಂದ ಇಣುಕುತ್ತಿದ್ದ ಸ್ಪ್ಯಾನರ್ ನೋಡಿ ದನಿ ತಗ್ಗಿಸಿದರು. "ಸಂಜೆ ಮನೆ ಕಡೆ ಬನ್ನಿ. ನಮ್ಮ ಬಚ್ಚಲ ನಲ್ಲಿ ಸೋರ್ತಿದೆ. ಸರಿಹೋಗುತ್ತೆ ತಾನೆ?"

"ಸಾಧ್ಯತೆ ಇದೆ ಸಾರ್," ಅಂದ ನೀರಪ್ಪ.