ಚಪ್ಪಲಿ ಅಂಗಡಿಯ ಬಂಧುಬಳಗ

ಹೊಸನಗರದ ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಚಪ್ಪಲಿ ಅಂಗಡಿ. ಅತ್ತೆ ಹಾಕಿದ್ದು, ಈಗ ನಾನು ಕೂರುತ್ತೇನೆ. ಗ್ರಾಹಕರ ಕಾಲ ಬುಡದಲ್ಲಿ ಕೂತು ಮಾಡುವ ವ್ಯಾಪಾರವಾದ್ದರಿಂದ ಅವರಿಗೆ ನಮ್ಮ ತಲೆ ಮೇಲೆ ಕೂರುವುದು ಸಲೀಸು. ಹಾಗಾಗಿ ಇಂಥವು ನಡೆಯುತ್ತಲೇ ಇರುತ್ತವೆ.

ತರಬೇತಿ

ವ್ಯಾಪಾರ ಇಳಿಯುತ್ತಿತ್ತು. ಸಾಗರದಲ್ಲಿ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಇದೆ ಎಂದರು, ಹೋದೆ. ಕೋಟು ಹಾಕಿದ್ದ ತರಬೇತುದಾರರು, "ಗ್ರಾಹಕರು ನಿಮ್ಮ ಅಂಗಡಿಯನ್ನು ತಮ್ಮ ಮನೆ ಅಂದುಕೊಳ್ಳಬೇಕು. ಬಾಳಿಕೆ ಬರುವ ಸಂಬಂಧ ಅಂದರೆ ಅದು" ಎಂದರು.

ನಾನು ಎದ್ದು ನಿಂತೆ. "ಈಗಾಗ್ಲೇ ಅಂದ್ಕೊಂಡಿದಾರೆ ಸಾರ್. ಸಂತೆ ಚೀಲ ಇಡ್ತಾರೆ, ಫೋನ್ ಚಾರ್ಜಿಗೆ ಹಾಕ್ತಾರೆ, ಫ್ಯಾನ್ ಕೆಳಗೆ ನಿದ್ದೆನೂ ಮಾಡ್ತಾರೆ. ಇದು ಅಂಗಡಿ ಅಂತ ನೆನಪು ಮಾಡೋದು ಹೆಂಗೆ?"

ಅವರು ಊಟದ ವಿರಾಮ ಕೊಟ್ಟರು.

ಮೇಷ್ಟ್ರ ಬೂಟು

ನಿಟ್ಟೂರು ಕಡೆಯ ಮೇಷ್ಟ್ರೊಬ್ಬರು ಅಂಗಡಿಯಲ್ಲಿದ್ದ ಬೂಟುಗಳನ್ನೆಲ್ಲ ಹಾಕಿ ನೋಡಿದರು. ಒಂದು ಹಿಡಿಸಿತು. ಬಾಗಿಲವರೆಗೆ ನಡೆದು ನೋಡಿ, ಡಬ್ಬಿಯ ಫೋಟೋ ಹೊಡೆದುಕೊಂಡು, "ಮನೇಲಿ ಕೇಳಿ ಬರ್ತೀನಿ" ಎಂದು ಹೋದರು.

ಮುಂದಿನ ವಾರ ಕೊರಿಯರ್‌ನವನು ಮೇಷ್ಟ್ರ ಹೆಸರಿನ ಪಾರ್ಸೆಲ್ ನನ್ನ ಕೈಗಿಟ್ಟ. ಹಿಂದೆಯೇ ಮೇಷ್ಟ್ರು ಬಂದರು.

"ಕೊರಿಯರ್‌ನವ್ರು ನಮ್ಮ ಹಳ್ಳಿವರೆಗೆ ಬರಲ್ಲ ಅಕ್ಕ. ನಿಮ್ಮ ಅಡ್ರೆಸ್ ಕೊಟ್ಟೆ. ನಿಮ್ಮತ್ರ ಎಂತ ಸಂಕೋಚ?"

ಬಿಚ್ಚಿದರೆ ಅದೇ ಬೂಟು, ಆನ್‌ಲೈನಿನದು. ಹಾಕಿಕೊಂಡು ಮುಖ ಕಿವುಚಿದರು.

"ಬಿಗಿ ಅಕ್ಕ. ನೀವು ಸೈಜ್ ಸರಿಯಾಗಿ ಹೇಳ್ಬೇಕಿತ್ತು."

ಸುದ್ದಿ ಸುತ್ತಲ ಹಳ್ಳಿಗಳಿಗೆ ಹರಡಿತು. ನನ್ನ ಡಬ್ಬಿಗಳು ಅಟ್ಟಕ್ಕೇರಿದವು, ಊರವರ ಪಾರ್ಸೆಲ್‌ಗಳು ಶೋಕೇಸಿಗೆ ಬಂದವು. ಬೇಡ ಅನ್ನಲು ಬಾಯಿ ಬರಲಿಲ್ಲ. ಪಾರ್ಸೆಲ್ಲಿಗೆ ಬಂದವರು ಒಂದು ಜೊತೆ ಚಪ್ಪಲಿಯನ್ನೂ ಕೊಂಡಾರು ಎಂಬ ಆಸೆ ನನಗೆ.

ತೀರ್ಥಹಳ್ಳಿಯ ಮದುವೆ

ಹಳೇ ಗ್ರಾಹಕರೊಬ್ಬರು ಮಗನ ಮದುವೆಗೆ ಕರೆದರು. "ನೀವು ಬರ್ದೇ ಇದ್ರೆ ಹೆಂಗೆ? ಅವನ ಮೊದಲ ಚಪ್ಪಲಿ ನಿಮ್ಮಲ್ಲೇ ಅಲ್ವಾ?" ಎಂದರು. ಕರಗಿಹೋದೆ. ಅಂಗಡಿಗೆ ಬೀಗ ಹಾಕಿ, ರೇಷ್ಮೆ ಸೀರೆ ಉಟ್ಟು ತೀರ್ಥಹಳ್ಳಿಗೆ ಹೋದೆ. ನೋಡಿದರೆ ಮನೆಮಂದಿಯ ಕಾಲಲ್ಲೆಲ್ಲ ಶಿವಮೊಗ್ಗದಲ್ಲಿ ಕೊಂಡ ಹೊಸ ಜೋಡು.

ಊಟಕ್ಕೆ ಕೂತಿದ್ದೆ. ಹೋಳಿಗೆ ಇನ್ನೂ ಎರಡು ಎಲೆ ದೂರದಲ್ಲಿತ್ತು. ಮದುಮಗನ ತಾಯಿ ಓಡಿ ಬಂದರು. ಆರತಕ್ಷತೆಗೆ ನಿಲ್ಲಬೇಕಾದ ಮಗನ ಬೂಟಿನ ಅಟ್ಟೆ ಕಿತ್ತು ಬಂದಿತ್ತಂತೆ. "ಸದ್ಯ, ನೀವಿದೀರಲ್ಲ!"

ಯಾರೋ ಅಂಟು ತಂದುಕೊಟ್ಟರು. ರೇಷ್ಮೆ ಸೀರೆಯಲ್ಲೇ ಮೂಲೆಯಲ್ಲಿ ಕೂತು ಅಟ್ಟೆಯನ್ನು ಒತ್ತಿ ಹಿಡಿದುಕೊಂಡೆ. ದಾಟಿ ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು, "ಇವ್ರು ಯಾರು?" ಎಂದು ಮದುಮಗನ ತಾಯಿಯನ್ನು ಕೇಳಿದಳು.

"ಹೊಸನಗರದಲ್ಲಿ ಚಪ್ಪಲಿ ಅಂಗಡಿ ಇಟ್ಕೊಂಡಿದಾರೆ."

ಆಕೆ ಕಿತ್ತ ಬೂಟು ನೋಡಿದಳು, ನನ್ನನ್ನು ನೋಡಿದಳು. "ಹಾಗಾದ್ರೆ ಅಲ್ಲಿ ತಗೋಬಾರ್ದು" ಎಂದಳು.

ಮದುಮಗನ ತಾಯಿ ಶಿವಮೊಗ್ಗದ ಹೆಸರೆತ್ತದೆ ಬೂಟಿಗೆ ಕೈ ಚಾಚಿದರು.

ಕೊನೆಯ ಬೋರ್ಡು

ಮದುವೆಯಿಂದ ಬಂದವಳೇ ಲೆಕ್ಕದ ಪುಸ್ತಕ ತೆಗೆದೆ. ಅತ್ತೆ ಇದೇ ಅಂಗಡಿಯಿಂದ ಮನೆ ನಡೆಸಿದ್ದರು, ನನಗೆ ಬಾಡಿಗೆಗೂ ಗಿಟ್ಟುತ್ತಿರಲಿಲ್ಲ. "ಈ ತಿಂಗಳ ಕೊನೆಗೆ ಅಂಗಡಿ ಮುಚ್ಚಲಾಗುವುದು" ಎಂದು ಬರೆದು ಬಾಗಿಲಿಗೆ ನೇತುಹಾಕಿದೆ.

ಮರುದಿನ ಬೆಳಿಗ್ಗೆ ಜನವೋ ಜನ. ಗೌರಿ ಹಬ್ಬದಲ್ಲೂ ಅಷ್ಟು ಜನ ಬಂದದ್ದಿಲ್ಲ. "ಯಾಕಕ್ಕ ಹಿಂಗ್ಮಾಡಿದ್ರಿ?" ಎಂದು ಒಬ್ಬಳು ಕೈ ಹಿಡಿದುಕೊಂಡು ಅತ್ತೇಬಿಟ್ಟಳು. ನನಗೂ ಕಣ್ಣು ತುಂಬಿತು. ಇಷ್ಟು ವರ್ಷ ಸುಮ್ಮನೆ ಬೈದುಕೊಂಡೆನಲ್ಲ, ಇವರಿಗೆ ನಾನು ಬೇಕು ಅನ್ನಿಸಿತು. ಬೋರ್ಡು ತೆಗೆದುಬಿಡೋಣ ಎಂದು ಎದ್ದೆ.

ಅಷ್ಟರಲ್ಲಿ ಹಿರಿಯರೊಬ್ಬರು ಎಲ್ಲರ ಪರವಾಗಿ ಮುಂದೆ ಬಂದರು.

"ನೋಡಮ್ಮಾ, ನಿಂಗೆ ನಷ್ಟ ಆಗೋದು ನಮಗ್ಯಾರಿಗೂ ಇಷ್ಟ ಇಲ್ಲ. ಆದ್ರೆ ನಮ್ಮ ಪಾರ್ಸೆಲ್ ಎಲ್ಲ ಬರೋದು ಇಲ್ಲಿಗೇ ಅಲ್ವಾ? ವ್ಯಾಪಾರ ಬೇಕಾದ್ರೆ ನಿಲ್ಸು, ಬಾಗಿಲು ಮಾತ್ರ ಮುಚ್ಬೇಡ."