ಸೌತೆಬಳ್ಳಿಗೆ ಬಡಿಸಿದ ತಂಬುಳಿ

ಗೊಬ್ಬರದಂಗಡಿಗಳಿಗೆಲ್ಲ ಬೀಗ ಹಾಕಿಸಿಯೇ ತೀರುತ್ತೇನೆಂದು ಈ ಯುಗಾದಿಯಂದು ಶಪಥ ಮಾಡಿದೆ. ನನ್ನ ಅಸ್ತ್ರ ನುಗ್ಗೆಸೊಪ್ಪಿನ ರಸ! ಅರೆದು, ಸೋಸಿ, ಮೂವತ್ತು ಪಾಲು ನೀರು ಬೆರೆಸಿ ಸಿಂಪಡಿಸಿದರೆ ತರಕಾರಿ ಗಿಡಗಳು ಸೊಂಪಾಗಿ ಚಿಗುರುತ್ತವೆಂದು ತೀರ್ಥಹಳ್ಳಿಯ ತರಬೇತಿಯಲ್ಲಿ ಕೇಳಿ ಬಂದಿದ್ದೆ. ಪ್ರಯೋಗಕ್ಕೆ ಸಿಕ್ಕಿದ್ದು ಸಾಗರದ ನಮ್ಮನೆಯಂಗಳದಲ್ಲಿ, ಸಿಮೆಂಟ್ ಚೀಲದಲ್ಲಿ ಬೆಳೆದಿದ್ದ ಒಂದೇ ಒಂದು ಸೌತೆಬಳ್ಳಿ. ಹೆಂಡತಿ ವಿನಯಾಳ ತಾಯಿ ಕೊಟ್ಟ ಬೀಜದ್ದು. ತಾಯಿ ತೀರಿಕೊಂಡ ಮೇಲೆ ಆ ತಳಿ ತವರಿನಲ್ಲೂ ಉಳಿದಿಲ್ಲ.

“ಬಳ್ಳಿಗೆ ಎಂತಾದ್ರೂ ಆದ್ರೆ ನಾನು ಸುಮ್ನಿರಲ್ಲ” ಎಂದಳು.

ರಸವನ್ನು ಪಾತ್ರೆಯಲ್ಲಿ ಫ್ರಿಜ್ಜಿಗಿಟ್ಟು, ಸಿಂಪಡಿಸುವ ಬಾಟಲಿ ತರಲು ಪೇಟೆಗೆ ಹೋದೆ. ನಮ್ಮ ಕಡೆ ಅಡುಗೆಮನೆಯಲ್ಲಿ ಅರೆದ ಹಸಿರು ಏನೇ ಕಂಡರೂ ಅದಕ್ಕೆ ಮಜ್ಜಿಗೆ, ಉಪ್ಪು, ಸಾಸಿವೆ ಒಗ್ಗರಣೆ ಬಿದ್ದು ತಂಬುಳಿಯಾಗುತ್ತದೆ. ಗಂಡ ಅಪರೂಪಕ್ಕೆ ಸೊಪ್ಪು ಅರೆದಿಟ್ಟಿದ್ದಾನೆಂಬ ಖುಷಿಯಲ್ಲಿ ವಿನಯಾ ಅದನ್ನೇ ಮಾಡಿ, ಅದೇ ಪಾತ್ರೆಯಲ್ಲಿ ಮತ್ತೆ ಫ್ರಿಜ್ಜಿಗಿಟ್ಟಳು. ಬಣ್ಣ ತಿಳಿಯಾಗಿದ್ದನ್ನು ಕಂಡ ನಾನು, ಆಗಲೇ ನೀರು ಬೆರೆಸಿದ್ದೆನೆಂದುಕೊಂಡು ಬಾಟಲಿಗೆ ತುಂಬಿದೆ. ಸಿಂಪಡಿಸಿದರೆ ಬಾಟಲಿಯ ಮೂತಿ ಕಟ್ಟಿಕೊಂಡಿತು. ಮುಚ್ಚಳ ತೆಗೆದು ಅಷ್ಟನ್ನೂ ಬುಡಕ್ಕೆ ಸುರಿದೆ. ಊಟಕ್ಕೆ ಕೂರುವಾಗ ತಂಬುಳಿ ಎಲ್ಲಿ ಹೋಯಿತೆಂದು ಅವಳು ಕೇಳಿದಾಗಲೇ, ಮೂತಿಯಲ್ಲಿ ಸಿಕ್ಕಿಕೊಂಡಿದ್ದು ಸಾಸಿವೆಯೆಂದು ಗೊತ್ತಾದದ್ದು.

ಉಪ್ಪು ಇಳಿದುಹೋಗಲೆಂದು ಹತ್ತು ಕೊಡ ನೀರು ಹೊಯ್ದರೂ ಮರುದಿನ ಎಲೆಗಳು ಜೋತುಬಿದ್ದವು. ಅವಳು ಬೈಯಲೇ ಇಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಮೂರನೇ ದಿನ ಹೊಸನಗರಕ್ಕೆ ಹೋಗಿ ಬಂದು ನೋಡಿದರೆ, ಅದೇ ಚೀಲದ ಜಾಗದಲ್ಲಿ ಬಳ್ಳಿ ನಳನಳಿಸುತ್ತಿದೆ! ಎರಡು ಗೇಣು ಹೆಚ್ಚೇ ಉದ್ದ, ಮೇಲೆ ಹೂವು ಬೇರೆ. ಗುಟ್ಟೆಲ್ಲ ಒಗ್ಗರಣೆಯಲ್ಲಿದೆಯೆಂದು ಸಾರಿ, ಫೋಟೋ ಸಮೇತ ಕೃಷಿಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಗ್ಗರಣೆಗೆ ತೆಂಗಿನೆಣ್ಣೆಯೋ ತುಪ್ಪವೋ ಎಂದು ಒಬ್ಬರು ಫೋನ್ ಮಾಡಿ ಕೇಳಿದರು. ತುಪ್ಪವೇ ಶ್ರೇಷ್ಠ ಎಂದೆ.

ಭಾನುವಾರ ನಾಲ್ವರು ರೈತರು ನೋಡಲು ಬಂದರು. ನಾನು ಟೇಪು ಹಿಡಿದು ಬಳ್ಳಿ ಅಳೆಯುತ್ತಿದ್ದಾಗ ಪಕ್ಕದ ಮನೆಯ ಬಿಂದು ಬೇಲಿಯಾಚೆಯಿಂದ ಕೇಳಿದಳು:

“ವಿನಯಕ್ಕಾ, ನಮ್ಮನೆ ಬಳ್ಳಿ ನಿಮ್ಮಂಗಳಕ್ಕೆ ಹೊಂದ್ಕೊಂಡ್ತಾ?”

ನಾನು ವಿನಯಾಳ ಮುಖ ನೋಡಿದೆ.

“ಅಮ್ಮನ ಬೀಜ ಅವ್ಳಿಗೂ ಕೊಟ್ಟಿದ್ದೆ. ನೀವು ಊಟ ಬಿಟ್ಟು ಕೂತಿದ್ದು ನೋಡ್ಲಿಕ್ಕಾಗ್ಲಿಲ್ಲ, ಚೀಲ ಸಮೇತ ತಂದಿಟ್ಟೆ” ಎಂದಳು ಮೆಲ್ಲಗೆ. ಆಮೇಲೆ ರೈತರ ಕಡೆ ತಿರುಗಿದಳು.

“ಇವ್ರು ತಂಬ್ಳಿ ಹಾಕಿದ ಬಳ್ಳಿ ಗೊಬ್ಬರಗುಂಡೀಲಿದೆ. ಬನ್ನಿ, ಅದನ್ನೂ ಅಳೆದು ತೋರಿಸ್ತಾರೆ.”